ದೃಷ್ಟಿಯ ಮುನ್ಸೂಚನೆಯೊಡನೆ ಬರುವ ಅರೆತಲೆನೋವು: ಪ್ರಚೋದಕಗಳನ್ನು ಗುರುತಿಸುವ ಬಗೆ

ಡೊಂಬಿವಲಿಯಿಂದ ಮುಂಬಯಿಯ ಕೋಟೆ ಪ್ರದೇಶದ ಕಚೇರಿಗೆ ಪ್ರತಿದಿನ ಲೋಕಲ್ ರೈಲಿನಲ್ಲಿ ಹೋಗಿಬರುವ ಮಹಿಳೆಯೊಬ್ಬರನ್ನು ಭಾವಿಸಿಕೊಳ್ಳೋಣ. ಪತ್ರಿಕೆ ಓದುತ್ತಿರುವಾಗ ಸಾಲಿನ ನಡುವಿನ ಕೆಲವು ಅಕ್ಷರಗಳು ಅವರಿಗೆ ಕಾಣದಾಗುತ್ತವೆ. ಆ ಸ್ಥಳದಲ್ಲಿ ಮಿನುಗುವ ಚುಕ್ಕೆಯೊಂದು ಮೂಡಿ, ಗರಗಸದ ಹಲ್ಲಿನಂತಹ ಅಂಕುಡೊಂಕು ಗೆರೆಯಾಗಿ, ಬಾಗಿದ ಬಿಲ್ಲಿನಂತೆ ಒಂದು ಪಕ್ಕಕ್ಕೆ ಹರಡುತ್ತದೆ. ಇಪ್ಪತ್ತು ನಿಮಿಷಗಳಲ್ಲಿ ಅದು ಮಾಯವಾಗುತ್ತದೆ. ಅನಂತರ ತಲೆಯ ಒಂದು ಭಾಗದಲ್ಲಿ ಮಿಡಿಯುವ ನೋವು, ವಾಕರಿಕೆ, ಬೆಳಕನ್ನು ಸಹಿಸಲಾಗದ ಸ್ಥಿತಿ ಆರಂಭವಾಗುತ್ತವೆ. ತಮ್ಮ ಕಣ್ಣೇ ಹೋಯಿತೆಂದು ಅವರು ಗಾಬರಿಗೊಳ್ಳುವುದು ಸಹಜ. ಆದರೆ ಇಲ್ಲಿ ದೋಷವಿರುವುದು ಸಾಮಾನ್ಯವಾಗಿ ಕಣ್ಣಿನಲ್ಲಲ್ಲ.

ವ್ಯಾಧಿಯ ಸ್ವರೂಪ

ಆಯುರ್ವೇದವು 'ಅರ್ಧಾವಭೇದಕ'ವೆಂದು ವರ್ಣಿಸಿರುವ, ನಮ್ಮ ಜನರು ಅರೆತಲೆನೋವೆಂದು ಕರೆಯುವ ಈ ವ್ಯಾಧಿಗೆ ಆಧುನಿಕ ವೈದ್ಯಕೀಯದಲ್ಲಿ ಮೈಗ್ರೇನ್ ಎಂಬ ಹೆಸರಿದೆ. ಇದು ವಿರಳವಾದ ರೋಗವಲ್ಲ. ಬೆಂಗಳೂರು ನಗರ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ 18ರಿಂದ 65 ವರ್ಷ ವಯಸ್ಸಿನ 2,329 ಜನರನ್ನು ಕುರಿತು ನಿಮ್ಹಾನ್ಸ್ ತಜ್ಞರು ಸೇರಿ ನಡೆಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅದರಂತೆ ಒಂದು ವರ್ಷದ ಅವಧಿಯಲ್ಲಿ ಶೇಕಡ 25ರಷ್ಟು ಜನರಿಗೆ ಮೈಗ್ರೇನ್ ಬಾಧಿಸಿತ್ತು. ಮೈಗ್ರೇನ್ ಉಳ್ಳವರಲ್ಲಿ ಒಂದು ಭಾಗದ ಜನರಿಗೆ ಮಾತ್ರ ಮೇಲೆ ಹೇಳಿದ ಮುನ್ಸೂಚನೆ ಕಾಣಿಸುತ್ತದೆ. ವೈದ್ಯರು ಇದನ್ನು 'ಆರಾ' ಎನ್ನುತ್ತಾರೆ. ಕೆಲವೊಮ್ಮೆ ತಲೆನೋವಿಲ್ಲದೆ ಮುನ್ಸೂಚನೆಯಷ್ಟೇ ಬಂದು ಹೋಗುವುದೂ ಉಂಟು.

ಅಮೆರಿಕದ ವಿಜ್ಞಾನಿ ಕಾರ್ಲ್ ಲ್ಯಾಷ್ಲಿ ತಮಗೇ ಕಾಣಿಸುತ್ತಿದ್ದ ಆಕೃತಿಗಳನ್ನು ಬರೆದಿಟ್ಟು, ಮಿದುಳಿನ ದೃಷ್ಟಿಭಾಗದಲ್ಲಿ ಯಾವುದೋ ಅಲೆಯು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸಾಗುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲಿನ ವಿಜ್ಞಾನಿ ಲಿಯಾವ್ ಇಂತಹುದೇ ನಿಧಾನಗತಿಯ ಅಲೆಯನ್ನು ಮೊಲಗಳ ಮಿದುಳಿನಲ್ಲಿ ಗುರುತಿಸಿದರು. ನರಕೋಶಗಳು ಕ್ಷಣಕಾಲ ಉದ್ರೇಕಗೊಂಡು ಅನಂತರ ಸ್ತಬ್ಧವಾಗುವುದೇ ಈ ಅಲೆಯ ಲಕ್ಷಣ. ಉದ್ರೇಕವು ಮಿನುಗುವ ಗೆರೆಯಾಗಿಯೂ ಸ್ತಬ್ಧತೆಯು ಕುರುಡು ಚುಕ್ಕೆಯಾಗಿಯೂ ತೋರುತ್ತವೆ. ಅಲೆಯ ನಡೆ ನಿಧಾನವಾದ್ದರಿಂದ ಮುನ್ಸೂಚನೆಯೂ ಮೆಲ್ಲಮೆಲ್ಲನೆ ಬೆಳೆದು, ಸಾಮಾನ್ಯವಾಗಿ 5ರಿಂದ 60 ನಿಮಿಷಗಳೊಳಗೆ ಮುಗಿಯುತ್ತದೆ.

ಇದನ್ನು ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಬೇಕು. ಯಾವ ಕಣ್ಣನ್ನು ಮುಚ್ಚಿದರೂ ಆಕೃತಿಯು ಅದೇ ಪಕ್ಕದಲ್ಲಿ ಕಂಡರೆ ಅದರ ಮೂಲ ಮಿದುಳಿನಲ್ಲಿದೆ. ಒಂದೇ ಕಣ್ಣಿಗೆ ಕಂಡರೆ, ಅಥವಾ ಒಂದು ಕಣ್ಣಿಗೆ ಪರದೆ ಇಳಿದಂತಾದರೆ, ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.

ಪ್ರಚೋದಕಗಳು ಯಾವುವು?

ಮೈಗ್ರೇನ್ ಬರುವ ಪ್ರವೃತ್ತಿ ಬಹುಮಟ್ಟಿಗೆ ವಂಶಪಾರಂಪರ್ಯವಾದುದು. ಪ್ರಚೋದಕಗಳು ರೋಗವನ್ನು ಹುಟ್ಟಿಸುವುದಿಲ್ಲ. ಇರುವ ಪ್ರವೃತ್ತಿಯನ್ನು ಕೆರಳಿಸುತ್ತವೆ. ಪದೇ ಪದೇ ವರದಿಯಾಗುವ ಪ್ರಚೋದಕಗಳು ಇವು:

1. ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು. ಮುಂಜಾನೆಯ ರೈಲು ಹಿಡಿಯುವ ಅವಸರದಲ್ಲಿ ಉಪಾಹಾರ ಬಿಡುವುದು ಮತ್ತು ವ್ರತದ ಉಪವಾಸ ಇದಕ್ಕೆ ಉದಾಹರಣೆ.
2. ನಿದ್ರೆಯ ಏರುಪೇರು. ರಾತ್ರಿ ಪಾಳಿಯ ಕೆಲಸಗಾರರಿಗೂ, ನಡುರಾತ್ರಿ ಬಾಗಿಲು ಮುಚ್ಚಿ ನಸುಕಿನಲ್ಲಿ ತೆರೆಯುವ ಹೋಟೆಲುಗಳಲ್ಲಿ ದುಡಿಯುವವರಿಗೂ ಇದು ಅನ್ವಯಿಸುತ್ತದೆ. ರಜಾದಿನದ ಅತಿನಿದ್ರೆಯೂ ಪ್ರಚೋದಕವಾಗಬಹುದು.
3. ಮಾನಸಿಕ ಒತ್ತಡ, ಹಾಗೆಯೇ ಒತ್ತಡ ಕಳೆದ ಮರುದಿನದ ವಿಶ್ರಾಂತಿ.
4. ಪ್ರಖರವಾದ ಅಥವಾ ಮಿನುಗುವ ಬೆಳಕು, ಕಟುವಾದ ವಾಸನೆ, ಬಿಸಿಲಿನ ಝಳ, ನೀರು ಸಾಲದಿರುವುದು.
5. ಸ್ತ್ರೀಯರಲ್ಲಿ ಮುಟ್ಟಿನ ದಿನಗಳು.
6. ಮದ್ಯಪಾನ, ಮತ್ತು ನಿತ್ಯದ ಚಹಾ-ಕಾಫಿ ತಪ್ಪುವುದು.

ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಕ್ಕೆ ಬಂದ ಪ್ರಚೋದಕವೊಂದಿದೆ: ತಲೆಸ್ನಾನ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಕೆರಳುತ್ತಿದ್ದ 94 ರೋಗಿಗಳ ವಿವರವನ್ನು 2006ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದುದರಿಂದ ಮನೆಯ ಹಿರಿಯರು 'ತಲೆಗೆ ನೀರು ಹಾಕಿಕೊಂಡದ್ದಕ್ಕೆ ತಲೆನೋವು' ಎಂದರೆ ಅದನ್ನು ನಗೆಯಾಡಿ ತಳ್ಳಿಹಾಕದೆ, ಬರೆದಿಟ್ಟು ಪರೀಕ್ಷಿಸುವುದು ಲೇಸು.

ದಿನಚರಿ ಬರೆಯುವ ಕ್ರಮ

ಕೇವಲ ತಲೆನೋವು ಬಂದ ದಿನಗಳನ್ನು ಬರೆದಿಟ್ಟರೆ ಸಾಲದು. ಬಾರದ ದಿನಗಳನ್ನೂ ಬರೆಯಬೇಕು. ಇದರ ಅಗತ್ಯವನ್ನು ಕಾಲ್ಪನಿಕ ಲೆಕ್ಕವೊಂದರಿಂದ ತಿಳಿಯಬಹುದು. ಮೇಲೆ ಹೇಳಿದ ಮಹಿಳೆಗೆ 60 ದಿನಗಳಲ್ಲಿ 6 ಬಾರಿ ಮುನ್ಸೂಚನೆ ಬಂದಿತೆನ್ನೋಣ. ಆ ಆರೂ ದಿನ ಅವರು ಚಹಾ ಕುಡಿದಿದ್ದರು. ಹಾಗೆಂದು ಚಹಾ ದೋಷಿಯೇ? ಅಲ್ಲ, ಉಳಿದ 54 ದಿನವೂ ಅವರು ಚಹಾ ಕುಡಿದಿದ್ದರು. ಆದರೆ ಉಪಾಹಾರ ಬಿಟ್ಟ 10 ದಿನಗಳಲ್ಲಿ 4 ಬಾರಿ, ಬಿಡದ 50 ದಿನಗಳಲ್ಲಿ ಕೇವಲ 2 ಬಾರಿ ಮುನ್ಸೂಚನೆ ಬಂದಿದ್ದರೆ, ಹತ್ತಕ್ಕೆ ನಾಲ್ಕು ಮತ್ತು ಇಪ್ಪತ್ತೈದಕ್ಕೆ ಒಂದು ಎಂಬ ಅಂತರವು ನಿಜವಾಗಿಯೂ ಗಮನಾರ್ಹ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನೋವಿಗೆ ಕೆಲವು ಗಂಟೆಗಳ ಮೊದಲೇ, ಕೆಲವೊಮ್ಮೆ ಹಿಂದಿನ ದಿನವೇ, ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿತಿಂಡಿಯ ಬಯಕೆ, ಬೆಳಕು ಚುಚ್ಚಿದಂತಾಗುವುದು ಕಾಣಿಸಬಹುದು. ಇವು ಆರಂಭವಾದ ಮೈಗ್ರೇನಿನ ಪೂರ್ವಲಕ್ಷಣಗಳು. ಚಾಕೊಲೇಟ್ ತಿಂದದ್ದರಿಂದ ನೋವು ಬಂತೆಂದು ತೋರಿದರೂ, ಮೈಗ್ರೇನ್ ಆರಂಭವಾದ್ದರಿಂದಲೇ ಚಾಕೊಲೇಟಿನ ಬಯಕೆ ಹುಟ್ಟಿರಬಹುದು.

ಎರಡು-ಮೂರು ತಿಂಗಳು ಪ್ರತಿರಾತ್ರಿ ನಿದ್ರೆಯ ಗಂಟೆ, ಊಟದ ವೇಳೆ, ತಲೆಸ್ನಾನ, ಮುಟ್ಟು, ಬಿಸಿಲು, ಒತ್ತಡ ಮತ್ತು ಸೇವಿಸಿದ ಮಾತ್ರೆಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ. ಸಂದೇಹ ಬಂದ ಪ್ರಚೋದಕವನ್ನು ಒಮ್ಮೆಗೆ ಒಂದರಂತೆ ಬದಲಿಸಿ ನೋಡಿ. ಹತ್ತಾರು ಆಹಾರಗಳನ್ನು ಒಟ್ಟಿಗೆ ತ್ಯಜಿಸುವುದರಿಂದ ದೇಹ ಸೊರಗುವುದೇ ವಿನಾ ಕಾರಣ ತಿಳಿಯುವುದಿಲ್ಲ. ಪ್ರಚೋದಕ ಸಿಗದಿದ್ದರೂ ಅದು ರೋಗಿಯ ತಪ್ಪಲ್ಲ. ಅನೇಕ ಬಾರಿ ಕಾರಣವಿಲ್ಲದೆಯೇ ನೋವು ಬರುತ್ತದೆ.

ಮುನ್ಸೂಚನೆ ಕಂಡಾಗ

ದೃಷ್ಟಿಯ ಒಂದು ಪಕ್ಕ ಮರೆಯಾದಾಗ ಎದುರಿಗೆ ಬರುವ ವಾಹನವೂ ಕಾಣದಿರಬಹುದು. ಆದುದರಿಂದ ವಾಹನ ಚಲಾಯಿಸುತ್ತಿದ್ದರೆ ಬದಿಗೆ ನಿಲ್ಲಿಸಿ. ನಿಲ್ದಾಣದಲ್ಲಿದ್ದರೆ ಪ್ಲಾಟ್‌ಫಾರ್ಮಿನ ಅಂಚಿನಿಂದ ಹಿಂದೆ ಸರಿದು ಬೆಂಚಿನ ಮೇಲೆ ಕುಳಿತುಕೊಳ್ಳಿ. ಒಂದೆರಡು ರೈಲು ತಪ್ಪಿದರೂ ಚಿಂತೆಯಿಲ್ಲ. ಹಳಿ ದಾಟುವುದು ಎಂದಿಗೂ ಅಪಾಯಕಾರಿ. ಈ ಸ್ಥಿತಿಯಲ್ಲಿ ಅದು ಪ್ರಾಣಾಂತಕ. ಮನೆಯಲ್ಲಿದ್ದರೆ ಕತ್ತಲೆಯ ನಿಶ್ಶಬ್ದ ಕೋಣೆಯಲ್ಲಿ ವಿಶ್ರಮಿಸಿ, ನೀರು ಕುಡಿದು, ವೈದ್ಯರು ಸೂಚಿಸಿದ ಮಾತ್ರೆಯನ್ನು ನೋವಿನ ಆರಂಭದಲ್ಲಿಯೇ ತೆಗೆದುಕೊಳ್ಳಿ. ಆದರೆ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ಬಳಸುತ್ತ ಹೋದರೆ ಮಾತ್ರೆಗಳೇ ತಲೆನೋವಿಗೆ ಕಾರಣವಾಗಬಲ್ಲವು. ನೋವು ಪದೇ ಪದೇ ಬರುತ್ತಿದ್ದರೆ ಅದನ್ನು ತಡೆಗಟ್ಟುವ ಔಷಧಿಗಳೂ ಇವೆ. ಅವನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು.

ಸ್ತ್ರೀಯರಿಗೆ ಮುಖ್ಯ ಸೂಚನೆ

ಮುನ್ಸೂಚನೆಯುಳ್ಳ ಮೈಗ್ರೇನ್ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಇತರರಿಗಿಂತ ಸ್ವಲ್ಪ ಹೆಚ್ಚು. ಧೂಮಪಾನ ಮತ್ತು ಈಸ್ಟ್ರೋಜೆನ್ ಅದನ್ನು ಇನ್ನೂ ಹೆಚ್ಚಿಸುತ್ತವೆ. ಮಾಲಾ-ಎನ್, ಮಾಲಾ-ಡಿ ಮುಂತಾದ ಸಂಯುಕ್ತ ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಇದೆ. ಇಂತಹ ಸ್ತ್ರೀಯರು ಅವನ್ನು ಬಳಸಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಪರ್-ಟಿ, 'ಛಾಯಾ' ಮಾತ್ರೆ ಮೊದಲಾದ ಈಸ್ಟ್ರೋಜೆನ್‌ರಹಿತ ವಿಧಾನಗಳ ಬಗ್ಗೆ ವೈದ್ಯರನ್ನು ಕೇಳಿ. ಕಣ್ಣ ಮುಂದೆ ಗೆರೆ ಕಾಣುವ ವಿಷಯವನ್ನು ಅವರಿಂದ ಮುಚ್ಚಿಡಬೇಡಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಸಿಡಿಲೆರಗಿದಂತೆ ಹಠಾತ್ತನೆ ಬಂದ ತೀವ್ರ ತಲೆನೋವು. ಕೈಕಾಲಿನ ಶಕ್ತಿಗುಂದುವಿಕೆ, ಬಾಯಿ ಸೊಟ್ಟಗಾಗುವುದು, ಮಾತಿನ ತೊದಲು. ಒಂದು ಗಂಟೆ ಮೀರಿದ ಮುನ್ಸೂಚನೆ. ಜ್ವರ ಮತ್ತು ಕುತ್ತಿಗೆ ಸೆಡೆತದೊಡನೆ ತಲೆನೋವು. ಐವತ್ತು ವರ್ಷದ ಅನಂತರ ಮೊದಲ ಬಾರಿಗೆ ಕಂಡ ಲಕ್ಷಣ. ಇವುಗಳಲ್ಲಿ ಯಾವುದನ್ನೂ ಮೈಗ್ರೇನೆಂದು ತಾವೇ ನಿರ್ಧರಿಸಬಾರದು. ತುರ್ತು ಸಂದರ್ಭದಲ್ಲಿ 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸ್ ಪಡೆಯಬಹುದು. ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಗಳಲ್ಲಿಯೂ ಬೈಕಲಾದ ಜೆ.ಜೆ. ಆಸ್ಪತ್ರೆಯಲ್ಲಿಯೂ ನರರೋಗ ವಿಭಾಗಗಳಿವೆ.

ಮೊದಲ ಬಾರಿ ಮುನ್ಸೂಚನೆ ಕಂಡವರೆಲ್ಲರೂ ಒಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಹೋಗುವಾಗ ದಿನಚರಿ ಪುಸ್ತಕವನ್ನೂ, ಕಂಡ ಆಕೃತಿಯ ಚಿತ್ರವನ್ನೂ ಒಯ್ಯಿರಿ. ಮಾತಿನಲ್ಲಿ ಹೇಳಲಾಗದುದನ್ನು ಪೆನ್ಸಿಲಿನ ನಾಲ್ಕು ಗೆರೆಗಳು ವೈದ್ಯರಿಗೆ ತಿಳಿಸಬಲ್ಲವು.