ಸಂಚಾರಿ ಮನೆಯಲ್ಲಿ ದೊಡ್ಡ ತೆರೆ

ಅಮೆರಿಕದಲ್ಲಿ ನೆಲಸಿರುವ ನಮ್ಮ ಹಳೆಯ ಸಹಪಾಠಿಯೊಬ್ಬರು ಕೆಲವು ತಿಂಗಳ ಹಿಂದೆ ನಮಗೊಂದು ಪತ್ರ ಬರೆದರು. ಕುಶಲಪ್ರಶ್ನೆಗಿಂತ ಮೊದಲೇ ಅದರಲ್ಲಿ ಭೌತಶಾಸ್ತ್ರದ ಪ್ರಶ್ನೆಯೊಂದಿತ್ತು. ಅವರು 2003ರಲ್ಲಿ ತಯಾರಾದ ಒಂದು ಸಂಚಾರಿ ಮನೆಯನ್ನು ಕೊಂಡಿದ್ದರು. ಅದರ ಗೋಡೆಯ ಗೂಡಿನಲ್ಲಿದ್ದ ಹಳೆಯ ಟೆಲಿವಿಷನ್ ಪೆಟ್ಟಿಗೆಯನ್ನು ತೆಗೆದು, ಆ ಸ್ಥಳದ ಪಕ್ಕದ ಗೋಡೆಗೆ ಚಪ್ಪಟೆ ತೆರೆಯ ದೊಡ್ಡದೊಂದನ್ನು ತೂಗಹಾಕಿದ್ದರು. ಮೊದಲನೆಯ ಪ್ರಯಾಣದಲ್ಲೇ, ಹೆದ್ದಾರಿಯಲ್ಲಿ ನಾಲ್ಕು ಗಂಟೆ ಓಡಿದ ಮೇಲೆ, ಅದು ತಿರುಪುಮೊಳೆಗಳ ಸಮೇತ ಕಿತ್ತುಬಂದು ಕೆಳಗಿದ್ದ ಆಸನದ ಮೇಲೆ ಬಿತ್ತು. ಹಿಂದಿನ ನಿಲುಗಡೆಯವರೆಗೂ ಅವರ ಮಗಳು ಅದೇ ಆಸನದಲ್ಲಿ ಕುಳಿತಿದ್ದಳು.

“ಹಳೆಯದರ ತೂಕ ಇಪ್ಪತ್ತು ಕಿಲೋಗ್ರಾಂ, ಹೊಸದರದು ಎಂಟೇ. ಇಪ್ಪತ್ತನ್ನು ಇಷ್ಟು ವರ್ಷ ಹೊತ್ತ ಮನೆ ಎಂಟನ್ನು ಒಂದು ದಿನ ಹೊರಲಾರದೆ ಹೋದುದೇಕೆ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸೊಗಸಾಗಿದೆ. ಇದಕ್ಕೆ ಉತ್ತರ ಹೇಳಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ವಾಚಕರೂ ನಮ್ಮೊಡನೆ ಲೆಕ್ಕ ಮಾಡುತ್ತ ಬರಲಿ ಎಂಬ ಆಶೆಯಿಂದ ಆ ಉತ್ತರವನ್ನು ಇಲ್ಲಿ ವಿಸ್ತರಿಸಿದ್ದೇವೆ.

ಸಂಚಾರಿ ಮನೆ ಎಂದರೇನು?

ಅಡುಗೆಯ ಒಲೆ, ಹಾಸಿಗೆ, ಸ್ನಾನಗೃಹ ಎಲ್ಲವನ್ನೂ ಒಳಗೊಂಡ, ಸ್ವಂತ ಎಂಜಿನಿನಿಂದಲೋ ಬೇರೊಂದು ವಾಹನದ ಎಳೆತದಿಂದಲೋ ಓಡುವ ಮನೆಗೆ ಅಮೆರಿಕದವರು ‘ಆರ್.ವಿ.’ ಎನ್ನುತ್ತಾರೆ. ಇಂಥ ವಾಹನಗಳಲ್ಲಿ ಊರೂರು ಸುತ್ತುವವರ ಒಂದು ಸಂಘ 1919ರಷ್ಟು ಹಿಂದೆಯೇ ಫ್ಲಾರಿಡಾದ ಟ್ಯಾಂಪಾದಲ್ಲಿ ಹುಟ್ಟಿತು. ಇಂಡಿಯಾನಾದ ಎಲ್ಕ್‌ಹಾರ್ಟ್ ಪಟ್ಟಣ ಈ ಉದ್ಯಮದ ಕೇಂದ್ರವೆಂದು ಹೆಸರಾಗಿದೆ. ರಸ್ತೆಯ ಮೇಲೆ ಓಡಬೇಕಾದುದರಿಂದ ಇಂಥ ಮನೆಯ ಅಗಲ ಎಂಟು, ಎಂಟೂವರೆ ಅಡಿಗಳನ್ನು ಮೀರುವುದಿಲ್ಲ. ಭಾರ ಕಡಿಮೆಯಾಗಲೆಂದು ಗೋಡೆಯನ್ನು ಇಟ್ಟಿಗೆಯಿಂದಲ್ಲ, ಮರದ ಅಥವಾ ಅಲ್ಯೂಮಿನಿಯಮ್ಮಿನ ಚೌಕಟ್ಟಿನ ನಡುವೆ ಹಗುರವಾದ ನೊರೆಪದಾರ್ಥವನ್ನು ತುಂಬಿ, ಮೇಲೆ ತೆಳುವಾದ ಪ್ಲೈವುಡ್ ಹೊದಿಸಿ ಮಾಡುತ್ತಾರೆ. ಈ ಗೋಡೆಯ ಸ್ವಭಾವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ನಮ್ಮ ಕಥೆಯ ಕೇಂದ್ರವಾಗುವುದು.

ಅಂಗುಲಗಳ ಲೆಕ್ಕ

ಟೆಲಿವಿಷನ್ನಿನ ಅಳತೆಯನ್ನು ಹೇಳುವಾಗ ತೆರೆಯ ಕರ್ಣವನ್ನು ಮಾತ್ರ ಹೇಳುವುದು ವಾಡಿಕೆ. ಹಳೆಯ ತೆರೆಗಳ ಅಗಲಕ್ಕೂ ಎತ್ತರಕ್ಕೂ 4:3ರ ಪ್ರಮಾಣವಿತ್ತು. ಆದುದರಿಂದ ಅಲ್ಲಿ ನಮಗೆ ಚಿರಪರಿಚಿತವಾದ 3, 4, 5ರ ಲಂಬಕೋನ ತ್ರಿಭುಜವೇ ಕಾಣುವುದು. ಕರ್ಣ 20 ಅಂಗುಲವಾದರೆ ಅಗಲ 16, ಎತ್ತರ 12. ಇಂದಿನ ತೆರೆಗಳ ಪ್ರಮಾಣ 16:9. ಈ ಎರಡು ಸಂಖ್ಯೆಗಳ ವರ್ಗಗಳ ಮೊತ್ತ 337. ಅದರ ವರ್ಗಮೂಲ ಸುಮಾರು 18.36. ಆದುದರಿಂದ ಅಗಲ ಕರ್ಣದ 0.87ರಷ್ಟು, ಎತ್ತರ 0.49ರಷ್ಟು.

ಇದರಿಂದ ಒಂದು ಸ್ವಾರಸ್ಯವಾದ ಸಂಗತಿ ಹೊರಡುತ್ತದೆ. ಹೊಸ ರೀತಿಯ 20 ಅಂಗುಲದ ತೆರೆಯ ಎತ್ತರ 10 ಅಂಗುಲವೂ ಇಲ್ಲ. ಅದರ ಕ್ಷೇತ್ರಫಲ ಸುಮಾರು 171 ಚದರ ಅಂಗುಲ, ಹಳೆಯದರದು 192. ಹೆಸರಿನಲ್ಲಿ ಸಮನಾದರೂ ವಸ್ತುವಿನಲ್ಲಿ ಚಿಕ್ಕದು. ಹಳೆಯ 12 ಅಂಗುಲದ ಎತ್ತರವನ್ನೇ ಪಡೆಯಬೇಕಾದರೆ ಇಪ್ಪತ್ನಾಲ್ಕೂವರೆ ಅಂಗುಲದ ಹೊಸ ತೆರೆ ಬೇಕು. ‘ದೊಡ್ಡದನ್ನು ತಂದರೂ ಮುಖಗಳು ಮೊದಲಿನಷ್ಟೇ ಕಾಣುತ್ತವೆ’ ಎಂದು ಕೆಲವರು ಹೇಳುವುದರ ಗುಟ್ಟು ಇದು.

ನಮ್ಮ ಮಿತ್ರರು ಕೊಂಡದ್ದು 40 ಅಂಗುಲದ್ದು. ಅಂದರೆ 34.9 ಅಂಗುಲ ಅಗಲ, 19.6 ಅಂಗುಲ ಎತ್ತರ. ಅಷ್ಟು ದೊಡ್ಡದು ಬೇಕಿತ್ತೆ? ಅವರ ಸೋಫಾದಿಂದ ಎದುರು ಗೋಡೆಗೆ ಎರಡು ಮೀಟರು ದೂರ. ಅಲ್ಲಿ ಕುಳಿತವರ ಕಣ್ಣಿಗೆ ಹಳೆಯ ತೆರೆ 12 ಡಿಗ್ರಿಗೂ ಸ್ವಲ್ಪ ಕಡಿಮೆ ಕೋನವನ್ನು ವ್ಯಾಪಿಸುತ್ತಿತ್ತು. ಹೊಸದು 25 ಡಿಗ್ರಿಯನ್ನು ವ್ಯಾಪಿಸುವುದು. ಚಲನಚಿತ್ರ ತಂತ್ರಜ್ಞರು ಅನುಕೂಲವೆಂದು ಸೂಚಿಸುವ ಕೋನ ಸುಮಾರು 30 ಡಿಗ್ರಿ. ಇನ್ನು, ಸಾಮಾನ್ಯವಾದ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲುದು. ಈ ತೆರೆಯ 1080 ಸಾಲುಗಳ ಚುಕ್ಕೆಗಳು ಬೇರೆಬೇರೆಯಾಗಿ ಕಾಣಬೇಕಾದರೆ 1.6 ಮೀಟರಿಗಿಂತ ಹತ್ತಿರ ಹೋಗಬೇಕು. ಎರಡು ಮೀಟರಿನಲ್ಲಿ ಚಿತ್ರ ನಯವಾಗಿಯೇ ಇರುವುದು. ಆದುದರಿಂದ ಮಿತ್ರರ ಆಯ್ಕೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಅದನ್ನು ನಿಲ್ಲಿಸಿದ ರೀತಿಯಲ್ಲಿ.

ತೂಕವಲ್ಲ, ತೋಳು

ಹಳೆಯ ಪೆಟ್ಟಿಗೆ ಗೂಡಿನ ಹಲಗೆಯ ಮೇಲೆ ಕುಳಿತಿತ್ತು. ಅದರ ಭಾರವೆಲ್ಲ ನೇರವಾಗಿ ಕೆಳಕ್ಕೆ ಒತ್ತುತ್ತಿತ್ತು. ಒತ್ತಡವನ್ನು ತಾಳುವುದು ಮರದ ಚೌಕಟ್ಟಿಗೆ ಸುಲಭ. ಹೊಸ ತೆರೆ ಗೂಡಿನೊಳಗೆ ಹಿಡಿಸುವುದಿಲ್ಲ. ಆದುದರಿಂದ ಮಿತ್ರರು ಗೋಡೆಗೆ ಒಂದು ಲೋಹದ ಫಲಕವನ್ನು ತಿರುಪಿ, ಅದರಿಂದ ಹೊರಟ ಮಡಚುವ ತೋಳಿನ ತುದಿಗೆ ತೆರೆಯನ್ನು ಸಿಕ್ಕಿಸಿದರು. ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದೆಂಬುದು ಇದರ ಅನುಕೂಲ. ತೋಳನ್ನು ಪೂರ್ತಿ ಚಾಚಿದರೆ ತೆರೆ ಗೋಡೆಯಿಂದ 50 ಸೆಂಟಿಮೀಟರು ಮುಂದೆ ಬರುತ್ತಿತ್ತು.

ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಅರ್ಧ ಮೈಲಿ ನಡೆಯುವ ಹೆಂಗಸು, ತುಂಬಿದ ಚೊಂಬನ್ನು ಚಾಚಿದ ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಲಾರಳು. ಚೊಂಬು ಕೊಡಕ್ಕಿಂತ ಹಗುರವಲ್ಲವೆ? ಆದರೂ ಭುಜ ಸೋಲುತ್ತದೆ. ಭುಜ ಎದುರಿಸಬೇಕಾದುದು ತೂಕವೊಂದನ್ನೇ ಅಲ್ಲ. ತೂಕ ಮತ್ತು ದೂರಗಳ ಗುಣಲಬ್ಧವನ್ನು. ಈ ತಿರುಗಿಸುವ ಪರಿಣಾಮವನ್ನೇ ಪಠ್ಯಪುಸ್ತಕಗಳು ಟಾರ್ಕ್ ಎಂದು ಕರೆಯುತ್ತವೆ.

ಈಗ ಲೆಕ್ಕ ಮಾಡೋಣ. 8 ಕಿಲೋಗ್ರಾಮಿನ ಮೇಲೆ ಭೂಮಿಯ ಸೆಳೆತ 8 × 9.8, ಅಂದರೆ 78.4 ನ್ಯೂಟನ್. ಅರ್ಧ ಮೀಟರು ದೂರದಲ್ಲಿ ಇದರ ಟಾರ್ಕ್ 39.2 ನ್ಯೂಟನ್-ಮೀಟರ್. ಗೋಡೆಯ ಫಲಕ ಕೆಳಗಿನ ಸಾಲಿನ ತಿರುಪುಗಳನ್ನು ಆಧಾರಬಿಂದುವಾಗಿ ಮಾಡಿಕೊಂಡು ಮುಂದಕ್ಕೆ ಮಗುಚಲೆತ್ನಿಸುತ್ತದೆ. ಮೇಲಿನ ಸಾಲಿನ ತಿರುಪುಗಳು ಅದನ್ನು ತಡೆಯುತ್ತವೆ. ಎರಡು ಸಾಲುಗಳ ನಡುವಣ ಅಂತರ 10 ಸೆಂಟಿಮೀಟರು. ಆದುದರಿಂದ ಮೇಲಿನ ತಿರುಪುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 39.2 ÷ 0.1, ಅಂದರೆ 392 ನ್ಯೂಟನ್. ಇದು 40 ಕಿಲೋಗ್ರಾಮಿನ ತೂಕಕ್ಕೆ ಸಮ!

ಎಂಟು ಕಿಲೋಗ್ರಾಂ ಹೀಗೆ ನಲವತ್ತಾಯಿತು. ಅಷ್ಟೇ ಅಲ್ಲ, ಬಲದ ದಿಕ್ಕೂ ಬದಲಾಯಿತು. ಕೆಳಕ್ಕೆ ಒತ್ತುತ್ತಿದ್ದುದು ಈಗ ಹೊರಕ್ಕೆ ಎಳೆಯುತ್ತಿದೆ. ಮೂರು ಮಿಲಿಮೀಟರು ದಪ್ಪದ ಪ್ಲೈವುಡ್ಡಿನಲ್ಲಿ ತಿರುಪಿನ ಒಂದೆರಡು ಸುತ್ತುಗಳಿಗೆ ಮಾತ್ರ ಹಿಡಿತ ದೊರೆಯುವುದು. ಅದರ ಹಿಂದಿರುವ ನೊರೆಪದಾರ್ಥ ಏನನ್ನೂ ಹಿಡಿಯದು. ಅದೇ ತೋಳನ್ನು ಮಡಚಿ ತೆರೆಯನ್ನು ಗೋಡೆಗೆ 8 ಸೆಂಟಿಮೀಟರು ಸಮೀಪಕ್ಕೆ ತಂದರೆ ಎಳೆತ 63 ನ್ಯೂಟನ್ನಿಗೆ ಇಳಿಯುತ್ತದೆ. ಮಿತ್ರರು ಹೊರಡುವ ಮುನ್ನ ತೋಳನ್ನು ಮಡಚಿಯೇ ಇದ್ದರು. ಆದರೆ ಅದಕ್ಕೆ ಅಗುಳಿ ಇರಲಿಲ್ಲ. ರಸ್ತೆಯ ತಿರುವುಗಳಲ್ಲಿ ಅದು ತಾನಾಗಿಯೇ ಚಾಚಿಕೊಂಡಿತು.

ರಸ್ತೆಯ ಪಾಲು

ಇದುವರೆಗೆ ವಾಹನ ನಿಂತಿದೆಯೆಂದು ಭಾವಿಸಿದೆವು. ಓಡುವ ವಾಹನ ಹಳ್ಳಕ್ಕೆ ಇಳಿದು ಏರಿದಾಗ ಅದರ ಗೋಡೆ ಮೇಲ್ಮುಖವಾದ ವೇಗೋತ್ಕರ್ಷವನ್ನು ಪಡೆಯುತ್ತದೆ. ಅದು ಗುರುತ್ವದ ವೇಗೋತ್ಕರ್ಷದ ಎರಡರಷ್ಟಾದರೆ, ಆ ಕ್ಷಣದಲ್ಲಿ ತೆರೆಯ ತೂಕ ಮೂರು ಪಟ್ಟಾದಂತೆ. 392 ನ್ಯೂಟನ್ನಿನ ಎಳೆತ 1,176 ಆಗುವುದು. ಅಂದರೆ 120 ಕಿಲೋಗ್ರಾಂ ತೂಕದಷ್ಟು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಶತ್ರುವುಂಟು. ತೋಳು ತೆರೆಯ ಭಾರಕ್ಕೆ ಸ್ವಲ್ಪ ಬಾಗಿಯೇ ಇರುತ್ತದೆ. ಬಾಗಿದ ತೋಳು ಒಂದು ಸ್ಪ್ರಿಂಗಿನಂತೆ. ಅದಕ್ಕೆ ತನ್ನದೇ ಆದ ಕಂಪನದ ಆವೃತ್ತಿಯುಂಟು. ಭಾರದಿಂದ ಅದು ಎಷ್ಟು ಜಗ್ಗಿದೆಯೋ ಅಷ್ಟು ಉದ್ದದ ಸರಳ ಲೋಲಕದ ಆವೃತ್ತಿಯೇ ಅದರ ಆವೃತ್ತಿಯೂ ಹೌದು. ಜಗ್ಗು 7 ಮಿಲಿಮೀಟರಾದರೆ ಆವೃತ್ತಿ ಸೆಕೆಂಡಿಗೆ ಸುಮಾರು 6. ಈಗ ರಸ್ತೆಯನ್ನು ನೋಡೋಣ. ಅಮೆರಿಕದ ಅನೇಕ ಕಾಂಕ್ರೀಟು ಹೆದ್ದಾರಿಗಳಲ್ಲಿ ಸುಮಾರು 15 ಅಡಿಗೊಂದು ಸಂದು ಇರುತ್ತದೆ. ಗಂಟೆಗೆ 60 ಮೈಲಿ ವೇಗವೆಂದರೆ ಸೆಕೆಂಡಿಗೆ 88 ಅಡಿ. 88ನ್ನು 15ರಿಂದ ಭಾಗಿಸಿದರೆ 5.9. ಸೆಕೆಂಡಿಗೆ ಸುಮಾರು ಆರು ಸಲ ‘ಟಕ್ ಟಕ್’ ಎಂಬ ತಾಗುವಿಕೆ!

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗುವಿನ ಕೈಯಿಂದಲೂ ಅದು ಎತ್ತರಕ್ಕೆ ಹೋಗುವುದನ್ನು ಬಲ್ಲೆವು. ಇದೇ ಅನುರಣನೆ. ರಸ್ತೆಯ ಸಂದುಗಳು ತೆರೆಯನ್ನು ಅದರ ಲಯಕ್ಕೆ ಸರಿಯಾಗಿ ನಾಲ್ಕು ಗಂಟೆಗಳ ಕಾಲ ತಟ್ಟುತ್ತಿದ್ದರೆ ತಿರುಪುಗಳ ರಂಧ್ರಗಳು ಸವೆದು ಅಗಲವಾಗುವುದರಲ್ಲಿ ಆಶ್ಚರ್ಯವೇನು? ಮಡಚಿ ಬಿಗಿದ ತೋಳಿನ ಜಗ್ಗು ಅರ್ಧ ಮಿಲಿಮೀಟರಿಗೆ ಇಳಿದರೆ ಆವೃತ್ತಿ 22ಕ್ಕೆ ಏರಿ, ಸಂದುಗಳ ಲಯದಿಂದ ಬಹುದೂರ ಸರಿಯುತ್ತದೆ.

ಅಪಘಾತದ ಮಾತನ್ನೂ ಮರೆಯುವಂತಿಲ್ಲ. 60 ಮೈಲಿ ವೇಗದಲ್ಲಿ ಓಡುತ್ತಿರುವ ವಾಹನ ಢಿಕ್ಕಿಯಿಂದ ಒಮ್ಮೆಲೇ ನಿಂತರೂ ಒಳಗಿನ ಸಡಿಲವಾದ ವಸ್ತು ಅದೇ ವೇಗದಲ್ಲಿ ಮುಂದುವರಿಯುವುದು. ಸುಮಾರು 37 ಮೀಟರು ಎತ್ತರದಿಂದ ಬಿದ್ದ ವಸ್ತುವಿಗೆ ಇರುವ ವೇಗ ಅದು. ನ್ಯೂಟನ್ನನ ಮೊದಲನೆಯ ನಿಯಮಕ್ಕೆ ಅಲಂಕಾರದ ವಸ್ತು, ಅಪಾಯದ ವಸ್ತು ಎಂಬ ಭೇದ ಗೊತ್ತಿಲ್ಲ.

ವಿದ್ಯುತ್ತಿನ ವಿಚಾರ

ದೊಡ್ಡ ತೆರೆ ಬ್ಯಾಟರಿಯನ್ನು ಬರಿದುಮಾಡುವುದೆಂಬ ಭಯ ಮಿತ್ರರಿಗಿತ್ತು. ಅದಕ್ಕೆ ಹೆಚ್ಚು ಆಧಾರವಿಲ್ಲ. 40 ಅಂಗುಲದ ಎಲ್‌ಇಡಿ ತೆರೆಗೆ ಸುಮಾರು 60 ವಾಟು ಸಾಕು. ಹಳೆಯ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟನ್ನು ಬೇಡುತ್ತಿತ್ತು. 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಸಿದರೆ 5 ಆಂಪೇರು. ಇನ್ವರ್ಟರಿನ ಮೂಲಕ 120 ವೋಲ್ಟಿಗೆ ಏರಿಸಿ ನಡೆಸಿದರೆ, ಅದರ ದಕ್ಷತೆ ನೂರಕ್ಕೆ 85 ಎಂದಿಟ್ಟುಕೊಂಡು, ಬ್ಯಾಟರಿ ಸುಮಾರು 6 ಆಂಪೇರು ಕೊಡಬೇಕಾಗುವುದು. ನೇರವಾದ ದಾರಿಯೇ ಲಾಭಕರ. ಆದರೆ ತಂತಿಯ ವಿಷಯದಲ್ಲಿ ಎಚ್ಚರ ಬೇಕು. ಹೋಗಿಬರುವ ತಂತಿಯ ರೋಧ 0.1 ಓಮ್ ಆದರೆ, 5 ಆಂಪೇರಿಗೆ ಅರ್ಧ ವೋಲ್ಟು ದಾರಿಯಲ್ಲೇ ನಷ್ಟ. 120 ವೋಲ್ಟಿನಲ್ಲಿ ಈ ನಷ್ಟ ಗಣನೆಗೆ ಬಾರದು. 12 ವೋಲ್ಟಿನಲ್ಲಿ ಬರುವುದು. ದಪ್ಪ ತಂತಿಯನ್ನು ಬಳಸುವುದೇ ಇದಕ್ಕೆ ಪರಿಹಾರ.

ನಾವು ಕೊಟ್ಟ ಉತ್ತರ

ಮಿತ್ರರಿಗೆ ನಾವು ಮೂರು ಮಾತು ಬರೆದೆವು. ಮೊದಲನೆಯದಾಗಿ, ಗೋಡೆಯ ಮೇಲೆ ದಪ್ಪ ಪ್ಲೈವುಡ್ಡಿನ ದೊಡ್ಡ ಹಲಗೆಯೊಂದನ್ನಿಟ್ಟು ಅದನ್ನು ಒಳಗಿನ ಚೌಕಟ್ಟಿನ ಪಟ್ಟಿಗಳಿಗೇ ತಿರುಪಿ, ತೋಳಿನ ಫಲಕವನ್ನು ಈ ಹಲಗೆಗೆ ಆರಪಾರ ಬೋಲ್ಟು ಹಾಕಿ ಬಿಗಿಯಬೇಕು. ಹಲಗೆಯ ತಿರುಪುಗಳ ಸಾಲುಗಳ ಅಂತರ 10ರ ಬದಲು 40 ಸೆಂಟಿಮೀಟರಾದರೆ, ಚಾಚಿದ ತೋಳಿನಲ್ಲೂ ಗೋಡೆಯ ಮೇಲಣ ಎಳೆತ 392ರಿಂದ 98 ನ್ಯೂಟನ್ನಿಗೆ ಇಳಿಯುವುದು. ಎರಡನೆಯದಾಗಿ, ಅಗುಳಿಯಿರುವ ಗಿಡ್ಡ ತೋಳನ್ನು ಆರಿಸಿ, ಹೊರಡುವ ಮುನ್ನ ಮಡಚಿ, ಅಗುಳಿ ಹಾಕಿ, ಮೇಲೊಂದು ಪಟ್ಟಿಯನ್ನೂ ಬಿಗಿಯಬೇಕು. ಮೂರನೆಯದಾಗಿ, ವಾಹನ ಓಡುವಾಗ ತೆರೆಯ ಕೆಳಗಿನ ಆಸನದಲ್ಲಿ ಯಾರೂ ಕೂರಬಾರದು.

ಅವರು ಹಾಗೆಯೇ ಮಾಡಿದರು. ಅಗುಳಿಯನ್ನು ಪರೀಕ್ಷಿಸುವ ಕೆಲಸವನ್ನು ಮಗಳೇ ವಹಿಸಿಕೊಂಡಿದ್ದಾಳಂತೆ. ಅವಳು ನೋಡಿ ಒಪ್ಪದೆ ಗಾಡಿ ಹೊರಡುವುದಿಲ್ಲವಂತೆ.

ಇಂಥ ವಾಹನ ನಮ್ಮ ವಾಚಕರಲ್ಲಿ ಹಲವರಿಗೆ ಅಪರಿಚಿತವಿರಬಹುದು. ಆದರೆ ಗೋಡೆಗೆ ತೂಗುವ ವಸ್ತು ಯಾರ ಮನೆಯಲ್ಲಿಲ್ಲ? ಪುಸ್ತಕದ ಹಲಗೆಯೋ ಟೆಲಿವಿಷನ್ನೋ ಗೋಡೆಗೆ ಏರುವಾಗ ಅದರ ತೂಕ ಎಷ್ಟು ಎಂದು ಕೇಳಿ ಸುಮ್ಮನಾಗದೆ, ಅದು ಗೋಡೆಯಿಂದ ಎಷ್ಟು ದೂರ ನಿಲ್ಲುವುದು, ತಿರುಪುಗಳ ನಡುವೆ ಅಂತರವೆಷ್ಟು, ಹಿಂದೆ ಏನಿದೆ ಎಂದೂ ಕೇಳಬೇಕು. ಅಭ್ಯಾಸಕ್ಕಾಗಿ ಒಂದು ಲೆಕ್ಕ: 6 ಕಿಲೋಗ್ರಾಮಿನ ತೆರೆ 30 ಸೆಂಟಿಮೀಟರು ಮುಂದೆ ನಿಂತಿದೆ, ತಿರುಪುಗಳ ಸಾಲುಗಳ ಅಂತರ 20 ಸೆಂಟಿಮೀಟರು. ಮೇಲಿನ ಸಾಲಿನ ಎಳೆತವೆಷ್ಟು? ಉತ್ತರ 88 ನ್ಯೂಟನ್ನಿನ ಆಸುಪಾಸಿಗೆ ಬಂದರೆ, ಈ ಪಾಠ ಸಾರ್ಥಕವಾಯಿತೆಂದು ತಿಳಿಯುತ್ತೇವೆ.