ಹಾಲು ಬತ್ತಿದ ಮೇಲೆ

ತಮ್ಮಾ,

ಕಳೆದ ದೀಪಾವಳಿಯ ವಸುಬಾರಸಿನ ಸಂಜೆ ನೀನು ಆಕಳ ಕೊರಳಿಗೆ ಚೆಂಡು ಹೂವಿನ ಮಾಲೆ ಹಾಕಿ, ಹಣೆಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಕರು ನಿಲ್ಲಿಸಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೆ. ನನಗೂ ಬಂದಿತ್ತು. ಚೆಂದ ಕಂಡಿತ್ತು. ಮೊನ್ನೆ ನಿಮ್ಮ ಮನೆ ಮುಂದೆ ದಲ್ಲಾಳಿಯ ಟೆಂಪೋ ನಿಂತಿದ್ದು ನೋಡಿದೆ. ಕೇಳಿದ್ದಕ್ಕೆ, "ಹಾಲು ಬತ್ತೇತಿ ಮುತ್ಯಾ. ಮೂರು ಸಲ ಸೂಜಿ ಮಾಡ್ಸಿದ್ರೂ ಗಬ್ಬ ನಿಂದ್ರವಲ್ದು. ಸುಮ್ಮ ಮೇವು ದಂಡ" ಅಂದಿ. ನಿನ್ನ ಲೆಕ್ಕದಲ್ಲಿ ಸುಳ್ಳಿಲ್ಲ. ಹಿಂಡಿಯ ರೇಟು ನನಗೂ ಗೊತ್ತು. ಅದಕ್ಕೇ ಆ ಹೊತ್ತಿಗೆ ಏನೂ ಅನ್ನದೆ ಮನೆಗೆ ಬಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೊಬ್ಬನಿಗೇ ಅಲ್ಲ, ನಮ್ಮ ಬೇಡಕಿಹಾಳದಲ್ಲಿ, ಸದಲಗಾ–ಬೋರಗಾಂವದಲ್ಲಿ, ಅಥಣಿ–ಕಾಗವಾಡದ ಕಡೆ ದನ ಕಟ್ಟಿಕೊಂಡಿರುವ ನಿನ್ನ ವಯಸ್ಸಿನ ಎಲ್ಲರಿಗೂ.

2019ರ ಆಗಸ್ಟ್ ನೆನಪಿದೆಯೇ? ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಲೇ ದಂಡೆ ಮೀರಿದವು. ನಿಮ್ಮ ಹೊಳೆ ದಂಡೆಯ ತೋಟದ ಮನೆಗೆ ನೀರು ಬಂದಾಗ ನಿಮ್ಮಪ್ಪ ಟ್ರಂಕು, ಕಾಗದಪತ್ರ ಎಂದು ಓಡಾಡುತ್ತಿದ್ದ. ನೀನು ಇನ್ನೂ ಸಾಲಿಗೆ ಹೋಗುವ ಹುಡುಗ. ಯಾರೂ ಹೇಳದೆ ಕೊಟ್ಟಿಗೆಗೆ ಹೋಗಿ ದಾವಣಿ ಬಿಚ್ಚಿದಿ. ಎದೆಮಟ್ಟದ ನೀರಿನಲ್ಲಿ ಇದೇ ಆಕಳನ್ನು, ಆಗಿನ್ನೂ ಮಣಕ ಅದು, ಕಿವಿ ಹಿಡಿದು ರಸ್ತೆಗೆ ತಂದಿ. ಆ ದಿನ ಅದು ಒಂದು ಹನಿ ಹಾಲು ಕೊಡುತ್ತಿರಲಿಲ್ಲ ತಮ್ಮಾ. ನೀನು ಲೆಕ್ಕ ಹಾಕಲಿಲ್ಲ.

ಗೋಸೇವೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಹುಡುಗನನ್ನು ತೋರಿಸುತ್ತೇನೆ, ಫೋಟೋದೊಳಗಿನವನನ್ನಲ್ಲ.

ಕಠೋಪನಿಷತ್ತಿನ ನಚಿಕೇತನ ಕತೆ ನಿನಗೆ ಯಮನಿಂದ ಮುಂದಕ್ಕಷ್ಟೇ ಗೊತ್ತಿರಬಹುದು. ಅದು ಸುರುವಾಗುವುದು ಗೊಡ್ಡಾಕಳುಗಳಿಂದ. ಅವನ ಅಪ್ಪ ಯಜ್ಞ ಮಾಡಿ ದಾನ ಕೊಡುತ್ತಿದ್ದ. ಕೊಟ್ಟ ಆಕಳುಗಳೋ ಮುದಿಯಾದವು, ಹಾಲು ಬತ್ತಿದವು, ಇನ್ನು ಕರು ಹಾಕದವು. ಬೇಡವಾದದ್ದನ್ನು ಸಾಗಹಾಕಿ ಅದಕ್ಕೆ ಪುಣ್ಯದ ಹೆಸರು ಇಡುವುದು ಸರಿಯೇ ಎಂದು ಅಷ್ಟು ಜನರ ನಡುವೆ ಒಬ್ಬನಿಗೇ ಕಸಿವಿಸಿಯಾಯಿತು. ಅವನು ಹುಡುಗ. ಇಡೀ ಉಪನಿಷತ್ತು ಆ ಹುಡುಗನ ಕಸಿವಿಸಿಯಿಂದ ಹುಟ್ಟಿತು. "ಗೋಶಾಲೆಗೆ ಬಿಟ್ಟು ಬಂದ್ರಾತು" ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಯಜ್ಞಶಾಲೆ ನೆನಪಾಗುತ್ತದೆ. ಗೋಶಾಲೆಗೆ ಕಳಿಸಲೇಬೇಕಾದ ಗತಿ ಬಂದರೆ ಕಳಿಸು, ಆದರೆ ಅದರ ಮೇವನ್ನೂ ವರ್ಷ ವರ್ಷ ಕಳಿಸು, ಹೋಗಿ ಮೈ ಮುಟ್ಟಿ ಬಾ. 2021ರಲ್ಲಿ ಸರಕಾರ ಗೋಹತ್ಯೆ ನಿಷೇಧದ ಕಾಯ್ದೆ ಜಾರಿಗೆ ತಂದಿತು. ಆದರೆ ಬೆಳಗಿನ ಐದಕ್ಕೆ ಎದ್ದು ಗೋದಲಿಗೆ ಕಣಕಿ ಹಾಕುವುದು ಯಾವ ಕಾಯ್ದೆಯಿಂದಲೂ ಆಗುವ ಕೆಲಸವಲ್ಲ.

ಕಾಳಿದಾಸನ ರಘುವಂಶದಲ್ಲಿ ದಿಲೀಪ ಮಹಾರಾಜ ನಂದಿನಿ ಎಂಬ ಆಕಳ ಸೇವೆಗೆ ನಿಲ್ಲುತ್ತಾನಲ್ಲ, ಅವನು ಮಾಡಿದ್ದೇನು? ಅದು ನಿಂತರೆ ನಿಂತ, ಕುಳಿತರೆ ಕುಳಿತ, ಅದು ನೀರು ಕುಡಿದ ಮೇಲೆ ತಾನು ಕುಡಿದ. ಒಳ್ಳೆ ಹುಲ್ಲು ತಿನ್ನಿಸಿದ, ಮೈ ತುರಿಸಿದ, ಕಚ್ಚುವ ನೊಣ ಓಡಿಸಿದ. ಚಕ್ರವರ್ತಿಗೆ ಇಪ್ಪತ್ತೊಂದು ದಿನದ ಕೆಲಸ ಇಷ್ಟೇ. ನೊಣ ಓಡಿಸುವುದು ಸಣ್ಣ ಕೆಲಸವೆಂದು ತಿಳಿಯಬೇಡ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಮೈತುಂಬ ಗಂಟು ಎದ್ದಾಗ, ಅದನ್ನು ಒಂದರಿಂದ ಇನ್ನೊಂದಕ್ಕೆ ಒಯ್ದದ್ದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ. ಲಸಿಕೆ ಹಾಕಿಸಿ, ಸಂಜೆಗೆ ಬೇವಿನ ಹೊಗೆ ಹಾಕಿ ಕೊಟ್ಟಿಗೆ ಒಣಗಿಸಿ ಇಟ್ಟುಕೊಂಡವರೇ ಆ ವರ್ಷ ನಿಜವಾದ ಪೂಜೆ ಮಾಡಿದವರು.

ಈಗ ನನ್ನ ತಪ್ಪೊಂದು ಹೇಳಬೇಕು. ಇಷ್ಟು ವರ್ಷ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

ನನ್ನ ತಂಗಿಯ ಮದುವೆ ಮರುದಿನ. ಅನ್ನ, ಗೋಧಿ ಹುಗ್ಗಿ ಬುಟ್ಟಿಗಟ್ಟಲೆ ಉಳಿದಿತ್ತು. ಚೆಲ್ಲುವುದು ಪಾಪ, ಗೋಮಾತೆಗೆ ಹಾಕಿದರೆ ಪುಣ್ಯ ಎಂದು ದೊಡ್ಡ ಬುಟ್ಟಿ ಹೊತ್ತೊಯ್ದು ನಮ್ಮ ಗೌರಿಯ ಮುಂದೆ ಸುರಿದೆ. ಖಿಲಾರಿ ಆಕಳು, ಬಿಳಿ ಮೈ, ಕೋಡು ಹಿಂದಕ್ಕೆ ಬಾಗಿ ಚೂಪಾಗಿದ್ದವು. ಆಸೆಯಿಂದ ತಿಂತು. ಸಂಜೆಗೆ ಮೆಲುಕು ನಿಂತಿತು. ರಾತ್ರಿ ಎಡ ಪಕ್ಕೆ ಡೊಳ್ಳಿನ ಹಾಗೆ ಉಬ್ಬಿತು, ಹಲ್ಲು ಕಡಿಯತೊಡಗಿತು. ನಾನು ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಡಾಕ್ಟರು ಬರುವುದರೊಳಗೆ ಬೆಳಗಾಗಿತ್ತು, ಅದರದೂ ಮುಗಿದಿತ್ತು. ಡಾಕ್ಟರು ತಿಳಿಸಿ ಹೇಳಿದರು: ಆಕಳ ಹೊಟ್ಟೆ ಹುಲ್ಲಿಗೆ ಮಾಡಿದ್ದು. ಬೇಯಿಸಿದ ಅನ್ನ, ರೊಟ್ಟಿ, ಹಿಟ್ಟು ಒಮ್ಮೆಲೇ ಬಹಳ ಬಿದ್ದರೆ ಒಳಗೆ ಹುಳಿಯೆದ್ದು ರಕ್ತಕ್ಕೆ ಏರುತ್ತದೆ. ನಮ್ಮ ಆಯಿ ಬೈಯಲಿಲ್ಲ. "ಅದರ ಹೊಟ್ಟಿ ನೋಡಿ ಹಾಕ್ಬೇಕಿತ್ತೋ, ನಿನ್ನ ಪುಣ್ಯೆ ನೋಡಿ ಹಾಕಿದಿ" ಅಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ಹಬ್ಬಕ್ಕೆ ಹೋಳಿಗೆ ತಿನ್ನಿಸುವುದಾದರೆ ಒಂದೇ ತಿನ್ನಿಸು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಪ್ರಸಾದ ರಸ್ತೆಯ ದನದ ಮುಂದೆ ಎಂದೂ ಇಡಬೇಡ.

ನಮ್ಮ ಕಡೆಯದೇ ಒಂದು ಮಾತು. ಕಬ್ಬು ಕಡಿಯುವ ಸುಗ್ಗಿಯಲ್ಲಿ ಪುಕ್ಕಟೆ ಸಿಗುತ್ತದೆಂದು ತಿಂಗಳುಗಟ್ಟಲೆ ಬರೀ ಕಬ್ಬಿನ ವಾಡೆ, ಅಂದರೆ ತುದಿಯ ಸೋಗೆ, ಹಾಕುತ್ತೀರಿ. ಅದರಲ್ಲಿರುವ ಆಕ್ಸಲೇಟು ಮೈಯೊಳಗಿನ ಸುಣ್ಣದ ಅಂಶ ಕಟ್ಟಿಹಾಕುತ್ತದೆ. ಆಕಳು ಎಲುಬು ಬಿಟ್ಟುಕೊಂಡು ಸೊರಗುತ್ತದೆ, ಗಬ್ಬ ನಿಲ್ಲುವುದೂ ತಡವಾಗುತ್ತದೆ. ಮೂರು ಸೂಜಿ ದಂಡ ಆದವು ಅಂದೆಯಲ್ಲ, ಡಿಸೆಂಬರಿನಿಂದ ಅದರ ಗೋದಲಿಯಲ್ಲಿ ಏನಿತ್ತು, ನೆನಪು ಮಾಡಿಕೋ. ವಾಡೆಯ ಜೊತೆ ಕಣಕಿ ಬೆರೆಸು, ಹಸಿ ಮೇವು ಹಾಕು, ಖನಿಜದ ಪುಡಿ ಕೊಡು. ಗೊಡ್ಡು ಎಂದು ಹಣೆಪಟ್ಟಿ ಕಟ್ಟುವ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸು.

ಕರು ಹುಟ್ಟಿದ ದಿನ ಗಿಣ್ಣದ ಹಾಲಿಗೆ ಓಣಿಯ ಮಂದಿಯೆಲ್ಲ ಪಾತ್ರೆ ಹಿಡಿದು ಬರುತ್ತಾರೆ. ಮೊದಲ ಒಂದೆರಡು ತಾಸಿನೊಳಗೆ ಆ ಹಾಲು ಕರುವಿನ ಹೊಟ್ಟೆ ಸೇರಬೇಕು, ಅದು ಬಿಟ್ಟು ಉಳಿದದ್ದು ನಮಗೆ. ಹೋರಿಗರುವಿಗೂ ಅಷ್ಟೇ ಹಕ್ಕಿದೆ. ಇನ್ನು ಜವಾರಿ ಆಕಳಷ್ಟೇ ಗೋಮಾತೆ, ಜರ್ಸಿ ಅಲ್ಲ ಎಂಬ ವಾದಕ್ಕೆ ನಾನು ಒಪ್ಪುವವನಲ್ಲ. ಖಿಲಾರಿಯೂ, ಈಗ ಅಪರೂಪವಾಗಿರುವ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಉಳಿಯಲೇಬೇಕು. ಹಾಗೆಂದು ಜರ್ಸಿಗೆ ಹಸಿವೆ ಬೇರೆಯೇ, ನೋವು ಬೇರೆಯೇ?

ಹಾಲಿಲ್ಲದ ಆಕಳಿನಿಂದ ಏನು ಬಂತು ಎನ್ನುತ್ತೀ. ಮಹಾಭಾರತದ ಅನುಶಾಸನ ಪರ್ವದಲ್ಲಿ ಲಕ್ಷ್ಮಿ ಆಕಳುಗಳ ಹತ್ತಿರ ಬಂದು, ನಿಮ್ಮ ಮೈಯಲ್ಲಿ ನನಗೆ ಜಾಗ ಕೊಡಿ ಎಂದು ಕೇಳುತ್ತಾಳೆ. ನೀನು ಚಂಚಲೆ, ಬೇಡ ಎನ್ನುತ್ತವೆ. ಬಹಳ ಬೇಡಿಕೊಂಡ ಮೇಲೆ ಅವು ಕೊಟ್ಟ ಜಾಗ ಕೆಚ್ಚಲಲ್ಲ, ಸಗಣಿ ಮತ್ತು ಗಂಜಲ. ಕೆಚ್ಚಲು ಒಣಗಿದರೂ ದಿನಕ್ಕೆ ಹತ್ತು ಕಿಲೋದಷ್ಟು ಹೆಂಡಿ ತಪ್ಪುವುದಿಲ್ಲ. ಬಾದಾಮಿ ಹತ್ತಿರ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗ ಮಂದಿರದಲ್ಲಿ ಇಂದಿಗೂ ಗೋಶಾಲೆಯ ಸಗಣಿಯಿಂದಲೇ ವಿಭೂತಿ ಮಾಡುತ್ತಾರೆ. ಆ ವಿಭೂತಿಯಲ್ಲಿ ಹಾಲು ಕೊಡುವ ಆಕಳದು ಯಾವುದು, ಬತ್ತಿದ್ದರದು ಯಾವುದು ಎಂದು ಯಾರು ಬೇರ್ಪಡಿಸಿಯಾರು? ನಿನ್ನ ಹೊಲವನ್ನೇ ನೋಡು. ನೀರು, ರಾಸಾಯನಿಕ ಗೊಬ್ಬರ ಸುರಿದೂ ಸುರಿದೂ ಕೃಷ್ಣಾ ದಂಡೆಯ ಎಷ್ಟು ಎರಿಭೂಮಿ ಸವಳಾಯಿತು! ಆ ಮಣ್ಣಿಗೆ ತಿಪ್ಪೆಗೊಬ್ಬರ ಬೇಕು.

ಇಷ್ಟಾದರೂ ಖರ್ಚು ಖರ್ಚೇ, ಅದನ್ನು ಮುಚ್ಚಿಡುವುದಿಲ್ಲ. ಐದು ಆಕಳು ಕಟ್ಟಿ ಎರಡಕ್ಕೆ ಅರೆಹೊಟ್ಟೆ ಹಾಕುವುದಕ್ಕಿಂತ ಮೂರನ್ನೇ ಕಟ್ಟು. ಮುದಿಯಾದದ್ದರ ಮೇವನ್ನು ಅಣ್ಣತಮ್ಮಂದಿರ ಎರಡು ಮನೆ ಹಂಚಿಕೊಳ್ಳಲಿ. ನಮ್ಮ ಓಣಿಯ ಜೈನರ ಮನೆಯೊಂದರಲ್ಲಿ ಹಾಗೆಯೇ ಒಂದು ಮುದಿ ಎತ್ತು ಆರು ವರ್ಷ ಬಾಳಿತು. ದುರ್ಬಲ ದನ ಸಾಕಿದವರು ಹಿಂದೆಯೂ ಇದ್ದರು. ಛಾಂದೋಗ್ಯ ಉಪನಿಷತ್ತಿನಲ್ಲಿ ಗುರು ಸತ್ಯಕಾಮನ ಕೈಗೆ ಕೊಟ್ಟದ್ದು ನಾನೂರು ಬಡಕಲು ಆಕಳು. ಅವು ಸಾವಿರವಾಗುವ ತನಕ ವರ್ಷಗಟ್ಟಲೆ ಅಡವಿಯಲ್ಲಿ ಅವುಗಳ ಜೊತೆಗೇ ಇದ್ದ. ಬ್ರಹ್ಮದ ಮೊದಲ ಪಾದವನ್ನು ಅವನಿಗೆ ಹೇಳಿಕೊಟ್ಟದ್ದು ಒಂದು ಹೋರಿ.

ದಲ್ಲಾಳಿ ನಿನಗೆ ಕೊಟ್ಟ ಮುಂಗಡ ಎಷ್ಟೋ ಅಷ್ಟನ್ನು ನಾನು ಕೊಡುತ್ತೇನೆ, ಅವನಿಗೆ ತಿರುಗಿಸಿ ಬಿಡು. ನನ್ನ ಕೊಟ್ಟಿಗೆಯಲ್ಲಿ ಬಾಗಿಲ ಹತ್ತಿರದ ಗೂಟ ಖಾಲಿ ಇದೆ. ವಾರಕ್ಕೆ ಎರಡು ಹೊರೆ ಮೇವು ನೀನು ತಾ, ಉಳಿದದ್ದು ನನ್ನದು. ಬಿಸಿಲೇರುವ ಮೊದಲೇ ಹೊಡೆದುಕೊಂಡು ಬಾ. ಬರುವಾಗ ಅದರ ಹಳೆಯ ಕಣ್ಣಿಯನ್ನೇ ಹಾಕಿಕೊಂಡು ಬಾ, ಹೊಸದು ಹಾಕಿದರೆ ಬೆದರುತ್ತದೆ.