ಲೋಹವಿರಳ ಕುಬ್ಜ ಗೆಲಾಕ್ಸಿಗಳು: ಅನಿಲ ಮತ್ತು ನಕ್ಷತ್ರಜನನ

ಖಗೋಳವಿಜ್ಞಾನಿಗಳು ಹೈಡ್ರೋಜನ್, ಹೀಲಿಯಂಗಳನ್ನುಳಿದ ಸಕಲ ಧಾತುಗಳನ್ನೂ ಲೋಹವೆಂದೇ ಗಣಿಸುವರು. ಚಿನ್ನದ ಗಣಿಯ ನೆರೆಯ ಬೇತಮಂಗಲದ ಪರೀಕ್ಷಾರ್ಥಿಗೆ ವಿಚಿತ್ರವೆನಿಸಿದರೂ ಆಮ್ಲಜನಕವೂ ಅಲ್ಲಿ ಲೋಹವೇ. ಇಂತಹ ಧಾತುಗಳು ಅತ್ಯಲ್ಪವಾಗಿರುವ ಕುಬ್ಜ ಗೆಲಾಕ್ಸಿಗಳು, ವಿಶ್ವದ ಆದಿಕಾಲದ ಗೆಲಾಕ್ಸಿಗಳನ್ನು ಹಲವು ವಿಧದಲ್ಲಿ ಹೋಲುವುದರಿಂದ, ವಿಶೇಷ ಅಧ್ಯಯನಕ್ಕೆ ಅರ್ಹವಾಗಿವೆ. ಅವುಗಳ ಪರಮಾಣು ಹೈಡ್ರೋಜನ್ 21 ಸೆಂ.ಮೀ. ರೇಡಿಯೋ ತರಂಗದಲ್ಲಿ ಗೋಚರಿಸುವುದು. ಆದರೆ ನಕ್ಷತ್ರಗಳಿಗೆ ಜನ್ಮವೀಯುವ ಶೀತಲ ಅಣುರೂಪದ ಹೈಡ್ರೋಜನ್ ನೇರವಾಗಿ ಕಾಣಸಿಗದು, ಅದರ ಸುಳಿವು ನೀಡಬೇಕಾದ ಕಾರ್ಬನ್ ಮಾನಾಕ್ಸೈಡಾದರೋ, ಇಂಗಾಲ ಮತ್ತು ಆಮ್ಲಜನಕಗಳ ಅಭಾವದಿಂದಲೂ, ಧೂಳಿನ ಮರೆ ಸಾಲದೆ ನೇರಳಾತೀತ ಕಿರಣಗಳಿಗೆ ಸಿಲುಕಿ ಒಡೆದುಹೋಗುವುದರಿಂದಲೂ, ತೀರ ಕ್ಷೀಣವಾಗಿರುತ್ತದೆ. ಈ ಕ್ಷೀಣತೆ ಏಕೆಂಬುದೇ ಪರೀಕ್ಷಕರು ಕೇಳಬೇಕಾದ ಸಾರವತ್ತಾದ ಪ್ರಶ್ನೆ, ಕೇಳುವುದು ಮಾತ್ರ ಅಪರೂಪ.

ಇನ್ನು ಆ ಅನಿಲದಿಂದ ಹುಟ್ಟಿದ ನವಜಾತ ನಕ್ಷತ್ರಗಳ ನೇರಳಾತೀತ ಬೆಳಕನ್ನು ವಾಯುಮಂಡಲವು ತಡೆಯುವ ಕಾರಣ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ, ಬೇತಮಂಗಲದವರು ರಾಜಧಾನಿಗೆ ಹೋಗುವ ದಾರಿಯ ಹೊಸಕೋಟೆಯಲ್ಲಿ ಜೋಡಣೆಗೊಂಡ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟಾದಿಂದ ಅಂತರಿಕ್ಷಕ್ಕೇರಿತು. ‘ನೇಚರ್’ ಪತ್ರಿಕೆಯು 2022ರಲ್ಲಿ ಪ್ರಕಟಿಸಿದ ಶೋಧದಂತೆ, ಯುವಿಐಟಿಯು ದೂರದ 11 ನೀಲಿ ಕುಬ್ಜ ಗೆಲಾಕ್ಸಿಗಳಲ್ಲಿ, ಸಾಮಾನ್ಯ ಬೆಳಕಿನಲ್ಲಿ ಕಾಣುವ ಎಲ್ಲೆಯಾಚೆಗೂ ನಕ್ಷತ್ರಜನನವನ್ನು ಪತ್ತೆಹಚ್ಚಿತು. ಈ ಇಸವಿಗಳನ್ನೂ ಸಂಖ್ಯೆಯನ್ನೂ ಅಭ್ಯರ್ಥಿಗಳು ನೆನಪಿಡತಕ್ಕದ್ದು.